ಲಂಗದ ಜೇಬಿನ ತೂಕದ ಬಟ್ಟು

ಕ್ಯಾನ್ಸರ್ ಗೆದ್ದವರು ಬರೆದದ್ದನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬೇಕಾದಷ್ಟು ಓದಿದ್ದೇನೆ. ಬರೆದವರೆಲ್ಲ ಗಟ್ಟಿಗರು. ಬೋಳು ತಲೆ ನೋಡಿಕೊಂಡು ನಕ್ಕವರು, ನೋವನ್ನು ನುಂಗಿ ಮನೆಯವರಿಗೆ ಧೈರ್ಯ ಹೇಳಿದವರು. ಓದಿ ಮುಗಿಸಿದಾಗ ನನಗೆ ಇನ್ನಷ್ಟು ಒಂಟಿ ಅನ್ನಿಸುತ್ತಿತ್ತು. ಯಾಕೆಂದರೆ ಅದೇ ಬೆಂಚಿನ ಮೇಲೆ ಕೂತು ನಾನು ಕಳ್ಳತನ ಮಾಡುತ್ತಿದ್ದೆ. ನನ್ನಂಥವರು ಇನ್ನೂ ಒಬ್ಬಿಬ್ಬರು ಇದ್ದಾರು, ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ರಿಪ್ಪನ್‌ಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಇಪ್ಪತ್ತೊಂದು ವರ್ಷದಿಂದ ತಿಂಗಳಿಗೊಮ್ಮೆ ಮಕ್ಕಳ ತೂಕ ಹಾಕುವುದು, ಚಾರ್ಟಿನಲ್ಲಿ ಚುಕ್ಕಿ ಇಡುವುದು ನನ್ನ ಕೆಲಸ. ಚುಕ್ಕಿ ಹಸಿರಿನಲ್ಲಿ ಬಿದ್ದರೆ ತಾಯಿ ಹಿಗ್ಗುತ್ತಾಳೆ, ಕೆಂಪಿನಲ್ಲಿ ಬಿದ್ದರೆ ಮುಖ ಮುಚ್ಚಿಕೊಳ್ಳುತ್ತಾಳೆ. ಹಾಗಾಗಿ ತೂಕದ ದಿನ ಕೆಲವರು ಚೇಷ್ಟೆ ಮಾಡುತ್ತಾರೆ. ಮಗುವಿಗೆ ಚೊಂಬು ನೀರು ಕುಡಿಸಿ ತರುತ್ತಾರೆ. ದಪ್ಪ ಕಾಲ್ಗಡಗ ಹಾಕಿಸುತ್ತಾರೆ. ಒಬ್ಬಳಂತೂ ಮಗುವಿನ ಸ್ವೆಟರ್ ಜೇಬಿನಲ್ಲಿ ಹೊಳೆಯ ಕಲ್ಲು ಇಟ್ಟು ತಂದಿದ್ದಳು. ನಾನು ಎಲ್ಲರ ಎದುರಿಗೆ ಆ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟು, "ಇದ್ಕೂ ಒಂದು ಚಾರ್ಟ್ ಬರೀಲೇನೆ?" ಎಂದು ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವಳು ಎರಡು ತಿಂಗಳು ಅಂಗನವಾಡಿ ಕಡೆ ತಲೆ ಹಾಕಲಿಲ್ಲ.

ಯಂತ್ರ ಸುಳ್ಳು ಹೇಳುತ್ತಿಲ್ಲವಲ್ಲ ಎಂದು ಪರೀಕ್ಷಿಸಲು ನಾನೇ ಸಂತೆಯಲ್ಲಿ ಕೊಂಡ ಕಬ್ಬಿಣದ ತೂಕದ ಬಟ್ಟುಗಳಿದ್ದವು. ಅರ್ಧ ಕೆಜಿಯದ್ದು ಒಂದು, ಒಂದು ಕೆಜಿಯದ್ದು ಎರಡು. ಅವುಗಳ ಕಥೆ ಮುಂದೆ ಬರುತ್ತದೆ.

ನಲವತ್ತೇಳನೇ ವರ್ಷಕ್ಕೆ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಕೀಮೋ ಎಂದರು. ನಮ್ಮ ಮನೆಯವರು ಶೇಖರಪ್ಪ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವರು. ಅವರಿಗೆ ಅಲ್ಲಿಯವರೆಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಸುದ್ದಿ ಕೇಳಿದ ಮರುದಿನ ರಾಗಿ ಮೊಳಕೆ ಕಟ್ಟುವುದು ಹೇಗೆಂದು ನಮ್ಮ ಅಂಗನವಾಡಿ ಸಹಾಯಕಿಯ ಹತ್ತಿರ ಕೇಳಿಕೊಂಡು ಬಂದರು. "ನೀನ್ ಊರಿಗೆಲ್ಲ ಹೇಳ್ತೀಯಲ್ಲ ಪೌಷ್ಟಿಕ ಆಹಾರ ಅಂತ, ಈಗ ನಾನ್ ಮಾಡ್ತೀನಿ, ನೀ ಉಣ್ಣು," ಎಂದರು.

ಮೊದಲ ಕೀಮೋ ಆದ ಐದು ದಿನ ನಾನು ಕಂಡದ್ದು ಬಚ್ಚಲು ಮತ್ತು ಹಾಸಿಗೆ ಎರಡೇ. ನೀರು ಕುಡಿದರೂ ವಾಂತಿ. ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ. ಮಲಗಿದಲ್ಲೇ ಫೋನು ನೋಡುತ್ತಿದ್ದಾಗ ತಂಗಿ ಕಳಿಸಿದ ಒಂದು ವಿಡಿಯೋ ಸಿಕ್ಕಿತು. ಕೀಮೋಗೆ ಎರಡು ದಿನ ಮುಂಚೆ ಉಪವಾಸ, ಆದಮೇಲೆ ಒಂದು ದಿನ ಉಪವಾಸ, ರೋಗಕ್ಕೆ ಊಟ ಸಿಗದೆ ಅದು ಸಾಯುತ್ತದೆ, ನೀವು ಉಳಿಯುತ್ತೀರಿ ಎಂದು ಒಬ್ಬರು ಬಹಳ ಸಮಾಧಾನದಲ್ಲಿ ಹೇಳುತ್ತಿದ್ದರು. ನನಗೆ ಅದು ಹೊಸದೆನಿಸಲಿಲ್ಲ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ನಮ್ಮಜ್ಜಿ ದಿನಾ ಹೇಳುತ್ತಿದ್ದಳು. ಜ್ವರ ಬಂದರೆ ಮೊದಲು ಅನ್ನ ಬಿಡಿಸುತ್ತಿದ್ದಳು. ಅಜ್ಜಿಯ ಮಾತನ್ನೇ ಈಗ ಫೋನಿನಲ್ಲಿ ಕೋಟು ಹಾಕಿಕೊಂಡವರು ಹೇಳಿದ ಹಾಗಾಯಿತು.

ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ.

ಎರಡನೇ ಕೀಮೋಗೆ ಎರಡು ದಿನ ಬರೀ ನೀರು ಕುಡಿದು ಹೋದೆ. ಆ ಸಲ ವಾಂತಿ ಒಂದೇ ದಿನಕ್ಕೆ ನಿಂತಿತು. ಡಾಕ್ಟರು ವಾಂತಿಯ ಮಾತ್ರೆಯನ್ನೂ ಆ ಸಲವೇ ಬದಲಾಯಿಸಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಚೀಟಿ ನನ್ನ ಕೈಯಲ್ಲೇ ಇತ್ತು. ಆದರೆ ಗೆದ್ದದ್ದು ಮಾತ್ರೆ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಮೈಯೆಲ್ಲ ಬೇರೆಯವರ ಕೈಗೆ ಹೋಗಿದ್ದ ಆ ದಿನಗಳಲ್ಲಿ ಹಸಿವು ಒಂದೇ ನನ್ನ ಕೈಯಲ್ಲಿ ಉಳಿದಿತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಮೂರು ದಿನದ ಉಪವಾಸ ಆರು ದಿನವಾಯಿತು, ಉಳಿದ ದಿನ ಒಪ್ಪತ್ತಾಯಿತು.

ಮನೆಯವರಿಗೆ ಹೇಳಿರಲಿಲ್ಲ. ಅವರು ಬೆಳಿಗ್ಗೆ ಎದ್ದು ರಾಗಿ ಮಾಲ್ಟ್ ಕಾಸಿ, ಹೆಸರುಕಾಳು ಬೇಯಿಸಿ, ಮೊಟ್ಟೆ ಸುಲಿದು ತಟ್ಟೆಯಲ್ಲಿಟ್ಟು ಕೆಲಸಕ್ಕೆ ಹೊರಡುತ್ತಿದ್ದರು. ಬೈಕಿನ ಸದ್ದು ತಿರುವು ದಾಟುವವರೆಗೆ ಕಾದು ಎಲ್ಲವನ್ನೂ ಹಸುವಿನ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದೆ. ಮೊಟ್ಟೆ ನಾಯಿಗೆ. ಒಂದು ಸಂಜೆ ಅವರು ಹಾಲು ಕರೆದು ಒಳಗೆ ಬಂದು, "ಗೌರಿ ಈ ತಿಂಗ್ಳು ಮೈ ತುಂಬ್ಕಂಡಿದೆ ನೋಡು, ಹಾಲೂ ಜಾಸ್ತಿ. ನಿಂಗೂ ಹಂಗೇ ಒಂದಿನ ಮೈ ಬರುತ್ತೆ," ಎಂದರು. ನಾನು ನಕ್ಕೆ. ನಕ್ಕದ್ದು ಈಗ ನೆನೆದರೂ ಮೈ ಹಿಡಿಯಾಗುತ್ತದೆ.

ಕೀಮೋಗೆ ಮುಂಚೆ ಪ್ರತಿ ಸಲ ತೂಕ ನೋಡುತ್ತಾರೆ. ಎರಡನೇ ಸಲವೇ ಮೂರು ಕೆಜಿ ಇಳಿದಿತ್ತು. ಡಾಕ್ಟರು ಕಾಗದದಿಂದ ತಲೆ ಎತ್ತಿ, "ಇನ್ನೂ ಇಳಿದ್ರೆ ಮುಂದಿನದ್ದನ್ನ ಮುಂದಕ್ಕೆ ಹಾಕ್ಬೇಕಾಗುತ್ತೆ. ಊಟ ಸೇರ್ತಿಲ್ವಾ?" ಎಂದಿದ್ದರು. ಸೇರುತ್ತಿದೆ ಎಂದೆ. ಮೂರನೇ ಸಲ ಹೊರಡುವ ಹಿಂದಿನ ದಿನ ಲಂಗದ ಒಳಮಗ್ಗುಲಿಗೆ ಒಂದು ಜೇಬು ಹೊಲಿದೆ. ಅಂಗನವಾಡಿ ಬೀರುವಿನಿಂದ ಒಂದು ಕೆಜಿಯ ಬಟ್ಟು ತಂದು ಅದರಲ್ಲಿಟ್ಟೆ. ಸೀರೆ ಉಟ್ಟರೆ ಏನೂ ಕಾಣುತ್ತಿರಲಿಲ್ಲ. ಯಂತ್ರದ ಮೇಲೆ ನಿಂತಾಗ ಕಬ್ಬಿಣ ತೊಡೆಗೆ ತಣ್ಣಗೆ ತಾಗಿತು. ಸಿಸ್ಟರ್ ತೂಕ ಬರೆದುಕೊಂಡು, "ಪರ್ವಾಗಿಲ್ಲ ಟೀಚರ್, ನಿಂತಿದೆ," ಎಂದು ಬೆನ್ನು ತಟ್ಟಿದರು. ಇಪ್ಪತ್ತೊಂದು ವರ್ಷ ತಾಯಂದಿರನ್ನು ಹಿಡಿದ ನನ್ನನ್ನು ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಇದು ನನ್ನ ಒಬ್ಬಳ ಮೂರ್ಖತನ. ನಕ್ಕು ಮರೆಯಬಹುದಿತ್ತು.

ಕೋಣಂದೂರಿನ ಚಂದ್ರಕ್ಕನ ವಿಷಯ ಹೇಳಬೇಕು. ನನಗಿಂತ ಏಳೆಂಟು ವರ್ಷ ದೊಡ್ಡವರು, ಗಂಡ ಇಲ್ಲ, ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ನನ್ನದೇ ಕಾಯಿಲೆ, ನನ್ನದೇ ಡಾಕ್ಟರು, ಕೀಮೋದ ದಿನವೂ ಒಂದೇ. ಅವರು ಕೋಣಂದೂರಿನಲ್ಲಿ ಬೆಳಗಿನ ಬಸ್ಸು ಹತ್ತಿ, ಹುಂಚ ದಾಟಿ ರಿಪ್ಪನ್‌ಪೇಟೆಗೆ ಬರುವಷ್ಟರಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಸಿ ನನಗೆ ಜಾಗ ಹಿಡಿದಿರುತ್ತಿದ್ದರು. ಕೂತ ಕೂಡಲೇ ಸ್ಟೀಲಿನ ಡಬ್ಬಿ ಬಿಚ್ಚುತ್ತಿದ್ದರು. ಅದರಲ್ಲಿ ಬಿಸಿ ಕಡುಬು, ಕಾಯಿಚಟ್ನಿ. "ತಗಳಿ ಟೀಚರೆ. ಅಲ್ಲಿ ಸೂಜಿ ಚುಚ್ಚಿಸ್ಕಂಬಾಕೆ ಹೊಟ್ಟೆ ಗಟ್ಟಿ ಇರ್ಬೇಕು," ಎನ್ನುತ್ತಿದ್ದರು. ಮೊದಲ ಸಲ ಎರಡು ತಿಂದಿದ್ದೆ. ಆ ದಿನವಿಡೀ ಕಾಯುವ ಬೆಂಚಿನ ಮೇಲೆ ಅವರು ಹೋಟೆಲಿನ ಗಿರಾಕಿಗಳ ಕಥೆ ಹೇಳಿ ನನ್ನ ಹೆದರಿಕೆ ಮರೆಸಿದ್ದರು. ನಿಜವಾಗಿ ನನ್ನ ಕೈ ಹಿಡಿದವರು ಅವರೇ.

ಎರಡನೇ ಸಲ ಅವರು ಡಬ್ಬಿ ಚಾಚಿದಾಗ ನಾನು ಬೇಡವೆಂದೆ. ಬೇಡವೆಂದು ಸುಮ್ಮನಿರಬಹುದಿತ್ತು. ಆದರೆ ಮಾತಾಡಿ ಮಾತಾಡಿ ಪಳಗಿದ ಬಾಯಿ ನನ್ನದು. ಆಯನೂರು ಬರುವಷ್ಟರಲ್ಲಿ ಅವರಿಗೆ ಪೂರ್ತಿ ಪಾಠ ಮಾಡಿದ್ದೆ. ಊಟ ಹಾಕಿದರೆ ರೋಗಕ್ಕೆ ಹಾಕಿದಂತೆ, ಅಕ್ಕಿ ಅಂದರೆ ಸಕ್ಕರೆಯೇ, ನೀವೂ ಮಾಡಿ ನೋಡಿ ಎಂದೆಲ್ಲ. ಚಂದ್ರಕ್ಕ ಬಾಯಲ್ಲಿದ್ದ ತುತ್ತನ್ನು ನಿಧಾನ ಅಗಿದು ನುಂಗಿ, "ಹೌದನ್ರಿ? ನಮ್ಗೆಂತ ಗೊತ್ತಾಗ್ತದೆ. ನೀವ್ ಓದ್ದೋರು," ಎಂದು ಡಬ್ಬಿ ಮುಚ್ಚಿದರು.

ಮೂರನೇ ಸಲ ಬಸ್ಸಿನಲ್ಲಿ ಟವೆಲ್ ಇತ್ತು, ಡಬ್ಬಿ ಇರಲಿಲ್ಲ. ಕೇಳಿದ್ದಕ್ಕೆ, "ನಾನೂ ನಿಮ್ ಹಂಗೇ, ನಿನ್ನೆಯಿಂದ ನೀರು," ಎಂದರು. ಮೊದಲೇ ಕಡ್ಡಿಯ ಹಾಗಿದ್ದ ಹೆಂಗಸು. ಅಂಗನವಾಡಿಗೆ ಅಂಥ ಬಸುರಿ ಬಂದಿದ್ದರೆ ಎದುರಿಗೆ ಕೂರಿಸಿಕೊಂಡು ಎರಡು ಮೊಟ್ಟೆ ತಿನ್ನಿಸುತ್ತಿದ್ದೆ. ಅವತ್ತು ನನಗೆ ಆದದ್ದು ಖುಷಿ. ನನ್ನ ಮಾತು ಒಬ್ಬರು ಕೇಳಿದರು ಎಂಬ ಖುಷಿ.

ನಾಲ್ಕನೇ ಕೀಮೋದ ದಿನ ನನ್ನ ಜೇಬಿನಲ್ಲಿ ಎರಡು ಬಟ್ಟುಗಳಿದ್ದವು, ಎರಡು ಕೆಜಿ. ತೂಕಕ್ಕೆ ಸಾಲಾಗಿ ಕೂತಿದ್ದೆವು. ಚಂದ್ರಕ್ಕನ ಹೆಸರು ಕೂಗಿದರು. ಅವರು ಎದ್ದು ಎರಡು ಹೆಜ್ಜೆ ಇಟ್ಟು, ಗೋಡೆ ಹಿಡಿಯಲು ಹೋಗಿ, ಸಿಗದೆ, ಹಾಗೇ ಕೆಳಗೆ ಕೂತುಬಿಟ್ಟರು. ತಲೆಗೆ ಕಟ್ಟಿದ ಬಟ್ಟೆ ಜಾರಿ ಬೋಳು ತಲೆ ಕಾಣಿಸಿತು. ಸಿಸ್ಟರ್ ಓಡಿ ಬಂದು ಗಾಲಿಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. "ಮೊನ್ನೆಯಿಂದ ಎಂತೂ ತಿಂದಿಲ್ಲ," ಎಂದರು ಚಂದ್ರಕ್ಕ.

ಡಾಕ್ಟರು ಹೊರಗೇ ಬಂದರು. ಸಾಮಾನ್ಯವಾಗಿ ಮೆತ್ತಗೆ ಮಾತಾಡುವವರು ಅವತ್ತು ಗದರಿದರು. "ಯಾರಮ್ಮ ಹೇಳಿದ್ದು ನಿಮಗೆ ಉಪವಾಸ ಮಾಡಿ ಅಂತ? ಯಾರು?"

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಚಂದ್ರಕ್ಕ ಒಮ್ಮೆ, ಒಂದೇ ಒಂದು ಸಲ, ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡಿಕೊಂಡು, "ಯಾರಿಲ್ಲ ಸಾರ್. ನಂದೇ ಬುದ್ಧಿ," ಎಂದರು.

"ಇದಕ್ಕೆ ಬುದ್ಧಿ ಅಂತಾರಾ?" ಎಂದು ಡಾಕ್ಟರು ಇನ್ನೂ ಬೈದರು. ಅಷ್ಟೂ ಜನ ನೋಡುತ್ತಿದ್ದರು. ಕಲ್ಲು ಇಟ್ಟು ತಂದ ಆ ತಾಯಿಯನ್ನು ನಮ್ಮ ಊರಿನವರು ನೋಡಿದ ಹಾಗೆಯೇ. ನಾನು ಹೇಳಿದ್ದು ಎಂಬ ಎರಡು ಪದ ನನ್ನ ಗಂಟಲವರೆಗೆ ಬಂದದ್ದು ನಿಜ. ಅಷ್ಟರಲ್ಲಿ ಸಿಸ್ಟರ್ ನನ್ನ ಹೆಸರು ಕೂಗಿದರು. ಎದ್ದೆ. ಚಂದ್ರಕ್ಕನ ಕುರ್ಚಿಯನ್ನು ದಾಟಿಕೊಂಡು ಹೋಗಿ, ಎರಡು ಕೆಜಿ ಕಬ್ಬಿಣದ ಸಮೇತ ಯಂತ್ರದ ಮೇಲೆ ನಿಂತೆ. ಅವತ್ತು ನನಗೆ ಕೀಮೋ ಕೊಟ್ಟರು. ಅವರಿಗೆ ಕೊಡಲಿಲ್ಲ, ದಾಖಲು ಮಾಡಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು.

ಹತ್ತನೇ ದಿನಕ್ಕೆ ನನಗೆ ಚಳಿಜ್ವರ ಬಂತು. ಬಾಯೆಲ್ಲ ಹುಣ್ಣು, ಉಗುಳು ನುಂಗಲಾಗದು. ಮನೆಯವರು ಕಾರು ಮಾಡಿ ಶಿವಮೊಗ್ಗಕ್ಕೆ ಒಯ್ದರು. ಅಲ್ಲಿ ಆಸ್ಪತ್ರೆಯ ಅಂಗಿ ತೊಡಿಸಿ ತೂಕ ಹಾಕಿದರು. ಸಿಸ್ಟರ್ ಯಂತ್ರವನ್ನು ಅಲುಗಾಡಿಸಿ ನನ್ನನ್ನು ಇನ್ನೊಮ್ಮೆ ನಿಲ್ಲಿಸಿದರು. ಹಿಂದಿನ ಚೀಟಿಗೂ ಇದಕ್ಕೂ ತಾಳೆಯೇ ಇರಲಿಲ್ಲ. "ಯಂತ್ರ ಸರಿ ಇದೆ ಸಿಸ್ಟರ್," ಎಂದೆ. ಆ ಮಾತು ಹೇಳಲು ನನಗಿಂತ ಯೋಗ್ಯರು ಬೇರೆ ಯಾರಿದ್ದರು.

ಡಾಕ್ಟರಿಗೆ ಬಟ್ಟುಗಳ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ನಿಗೆ ಕ್ಯಾಪು ಹಾಕಿ, "ಕೀಮೋ ಅಳತೆ ಮಾಡೋದೇ ನಿಮ್ಮ ತೂಕ ನೋಡಿಕೊಂಡು. ನಿಮಗೆ ಇಲ್ಲದ ಮೈಗೆ ಔಷಧಿ ಕೊಟ್ಟಿದೀನಿ ನಾನು," ಎಂದರು. ಜ್ವರಕ್ಕೆ ಅದೊಂದೇ ಕಾರಣ ಎನ್ನಲಾಗದು, ಉಪವಾಸದ ಬಗ್ಗೆ ಸಂಶೋಧನೆ ಮಾಡುತ್ತಿರುವವರೂ ಇದ್ದಾರೆ, ಆದರೆ ತೂಕ ಇಳಿಯುತ್ತಿರುವವರು ಯಾರಿಗೂ ಹೇಳದೆ ಮಾಡುವ ಕೆಲಸ ಅದಲ್ಲ, ಒಂದು ಮಾತು ಕೇಳಿದ್ದರೆ ಸಾಕಿತ್ತು ಎಂದರು. ನಾನು ತಲೆ ಆಡಿಸಿದೆ. ಚಂದ್ರಕ್ಕನ ವಿಷಯ ಆಗಲೂ ಹೇಳಲಿಲ್ಲ.

ಮನೆಯವರು ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಅದೆಲ್ಲ ಗೌರಿಗೆ ಹಾಕ್ತಿದ್ಯಾ?" ಎಂದು ಕೇಳಿದರು. ಹೌದೆಂದೆ. "ಮೊಟ್ಟೆ?" ನಾಯಿಗೆ ಎಂದೆ. "ಹೂಂ," ಎಂದು ಕಿಟಕಿ ಕಡೆ ತಿರುಗಿ ನಿಂತರು. ಮರುದಿನ ಬೆಳಿಗ್ಗೆ ಅವರು ಬಟ್ಟಲಲ್ಲಿ ಮಾಲ್ಟ್ ತಂದು, ನಾನು ಹುಣ್ಣಿನ ಬಾಯಲ್ಲಿ ಒಂದೊಂದೇ ಚಮಚ ನುಂಗಿ ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತೇ ಇದ್ದರು. ಅಲ್ಲಿಂದ ಆರು ತಿಂಗಳು ನಾನು ಉಣ್ಣುವಾಗಲೆಲ್ಲ ಹಾಗೇ ಕೂತರು. ನಂಬಿಕೆ ಹೋಗಿದೆ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಚಂದ್ರಕ್ಕನ ಸರದಿ ಹಿಂದೆ ಬಿದ್ದಿದ್ದರಿಂದ ನಮ್ಮ ದಿನಗಳು ಬೇರೆಯಾದವು. ನನಗೆ ನಿರಾಳವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ನಿರಾಳವೇ. ಅವರು ಎರಡು ಸಲ ಫೋನು ಮಾಡಿದರು. ಹೆಸರು ನೋಡಿ ಫೋನನ್ನು ತಲೆದಿಂಬಿನ ಅಡಿಗೆ ತಳ್ಳಿದೆ. ನನ್ನ ಆರೂ ಮುಗಿದವು, ಕೂದಲು ಬಂತು, ಕೆಲಸಕ್ಕೆ ಹೋದೆ. ಮೊದಲ ತೂಕದ ದಿನ ಒಬ್ಬ ತಾಯಿ ಮಗುವಿನ ಸೊಂಟಕ್ಕೆ ನಾಣ್ಯದ ಸರ ಕಟ್ಟಿ ತಂದಿದ್ದಳು. ನಾನು ಸುಮ್ಮನೆ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಸರ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳ ಮುಖ ನೋಡಲಾಗಲಿಲ್ಲ.

ಅದಾಗಿ ಒಂದು ವರ್ಷ ದಾಟಿದ ಮೇಲೆ, ಒಂದು ಭಾನುವಾರ, ಕೋಣಂದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಇದ್ದಾರೋ ಇಲ್ಲವೋ. ಇಲ್ಲ ಎಂದರೆ ಯಾರ ಹತ್ತಿರ ತಪ್ಪು ಒಪ್ಪಿಕೊಳ್ಳುವುದು. ಹೋಟೆಲಿನಲ್ಲಿ ಕೇಳಿದರೆ, ಈಗ ಕೆಲಸಕ್ಕೆ ಬರುವುದಿಲ್ಲ, ಮನೆಯಲ್ಲಿದ್ದಾರೆ ಎಂದು ದಾರಿ ತೋರಿಸಿದರು.

ಚಂದ್ರಕ್ಕ ಜಗಲಿಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದರು. ತಲೆಗೆ ಮತ್ತೆ ಬಟ್ಟೆ. "ಓ ಟೀಚರೆ, ಬಂದ್ರಾ? ಬನ್ನಿ, ಕೂತ್ಕಳಿ," ಎಂದರು. ನಿನ್ನೆ ತಾನೆ ಬಸ್ಸಿನಲ್ಲಿ ಸಿಕ್ಕವರ ಹಾಗೆ. ನಾನು ಏನೂ ಕೇಳುವ ಮುಂಚೆ ಅವರೇ ಹೇಳಿದರು. ಅವತ್ತು ಮೈ ತಡೆಯದೆ ಕೀಮೋ ಒಂದೂವರೆ ತಿಂಗಳು ನಿಂತಿತಂತೆ. ಆಮೇಲೆ ಅಷ್ಟೋ ಇಷ್ಟೋ ಮುಗಿಸಿದರಂತೆ. ಈಗ ಬೆನ್ನಿನ ಮೂಳೆಯಲ್ಲಿ ಕಾಣಿಸಿಕೊಂಡಿದೆ, ಹೊಸ ಔಷಧಿ ಶುರುವಾಗಿದೆ. ನಡುವೆ ನಿಂತದ್ದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಡಾಕ್ಟರು ಹೇಳಲಾರರು. ನಾನಂತೂ ಇಲ್ಲ ಎಂದುಕೊಳ್ಳಲಾರೆ.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಚಂದ್ರಕ್ಕ, ನಿಮ್ಗೆ ಉಪವಾಸ ಕಲ್ಸಿದ್ದು ನಾನು. ಡಾಕ್ಟ್ರು ಕೇಳ್ದಾಗ ಬಾಯಿ ಮುಚ್ಕಂಡು ಕೂತಿದ್ದೂ ನಾನೇ," ಎಂದೆ. ಅಳು ಬಂತು. ಅಳಲು ಕೂಡ ನನಗೆ ಹಕ್ಕಿಲ್ಲ ಅನ್ನಿಸಿತು.

ಅವರು ಸೊಪ್ಪಿನ ದಂಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಕಲ್ಸಿದ್ದು ಅಂತ ಎಂತಕ್ಕೆ ಹೇಳ್ತೀರಿ. ನೀವ್ ಹೇಳಿದ್ದು ನಂಗೆ ಅರ್ಧ ತಲೆಗೇ ಹೋಗ್ಲಿಲ್ಲ, ಅಕ್ಕಿ ಅಂದ್ರೆ ಸಕ್ಕರೆ ಅಂತ, ಎಂತದೋ. ಹೋಟ್ಲಲ್ಲಿ ಮೂವತ್ತು ವರ್ಷ ಅಕ್ಕಿ ಬೇಯಿಸ್ದೋಳು ನಾನು, ನಂಬ್ತೀನಾ?"

"ಮತ್ತೆ ಯಾಕೆ ಮಾಡಿದ್ರಿ?"

ಅವರು ನನ್ನ ಮುಖ ನೋಡಿದರು. "ಹಸ್ಕಂಡೋರ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚೋದು ಹೆಂಗೆ ಟೀಚರೆ? ನೀವ್ ಒಬ್ರೇ ಉಪಾಸ ಇರ್ತೀರಿ ಅಂತ ನಾನೂ ಇದ್ದೆ."

ಉಣ್ಣದವರ ಎದುರಿಗೆ ಉಣ್ಣಬಾರದು ಎಂದು ನನಗೂ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಇಷ್ಟು ದಿನ ನನ್ನ ಮಾತಿಗೆ ಅವರು ಬಲಿಯಾದರು ಎಂದುಕೊಂಡಿದ್ದೆ. ಆ ನಾಚಿಕೆಯಲ್ಲೂ ನನ್ನ ಮಾತಿಗೆ ಬೆಲೆಯಿತ್ತು ಎಂಬ ಸಣ್ಣ ಜಂಬ ಉಳಿದಿತ್ತು. ಅದೂ ಹೋಯಿತು. ಅವರು ನನ್ನ ಮಾತು ಕೇಳಿರಲಿಲ್ಲ, ನನಗೆ ಜೊತೆ ಕೊಟ್ಟಿದ್ದರು. ನಾನು ಅವರ ಕುರ್ಚಿ ದಾಟಿಕೊಂಡು ಹೋಗಿದ್ದೆ.

ಚಂದ್ರಕ್ಕ ಗೋಡೆ ಹಿಡಿದು ಎದ್ದು ಒಳಗೆ ಹೋಗಿ ತಟ್ಟೆ ತಂದರು. ಕಡುಬು, ಚಟ್ನಿ. ಒಂದೇ ತಟ್ಟೆ. ನಿಮಗೆಲ್ಲಿ ಎಂದೆ. "ಯಾಕೋ ಎರಡು ದಿನದಿಂದ ಸೇರ್ತಿಲ್ಲ. ನೀವ್ ತಿನ್ನಿ," ಎಂದರು. ನಾನು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಅರ್ಧ ಹಾಕಿ ಅವರ ಮುಂದಿಟ್ಟೆ. ಅವರು ಕೈ ಹಾಕದೆ ನಾನು ಹಾಕಲಿಲ್ಲ. ಕಡುಬು ತಣ್ಣಗಾಗುವಷ್ಟು ಹೊತ್ತಾದ ಮೇಲೆ, "ಹಟ ಮಾರಾಯ್ತಿ ನಿಂದು," ಎಂದು ಒಂದು ಚೂರು ಮುರಿದರು. ನನ್ನನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಈಗ ಮೂರು ವಾರಕ್ಕೊಮ್ಮೆ ರಜೆ ಹಾಕಿ ಅವರ ಜೊತೆ ಹೋಗುತ್ತೇನೆ. ಡಬ್ಬಿ ನನ್ನದು. ಮೊದಲ ದಿನವೇ ಡಾಕ್ಟರ ಎದುರು ನಿಂತು, ಉಪವಾಸ ಮಾಡಿ ಅಂತ ಹೇಳಿದ್ದು ಯಾರು ಎಂದು ಅವತ್ತು ಕೇಳಿದಿರಲ್ಲ, ಅದು ನಾನು ಎಂದು ಹೇಳಿದೆ. ಡಾಕ್ಟರು ಇಬ್ಬರನ್ನೂ ನೋಡಿ, "ಈಗ ಇವರಿಗೆ ಏನು ತಿನ್ನಿಸ್ತಿದೀರಿ, ಅದನ್ನ ಹೇಳಿ," ಎಂದರು. ಹೇಳಿದೆ. ಬರೆದುಕೊಂಡರು.

ಕಳೆದ ವಾರ ತೂಕದ ಯಂತ್ರದ ಮೇಲೆ ಚಂದ್ರಕ್ಕ ನಿಂತಾಗ ಹಿಂದಿನ ಸಲಕ್ಕಿಂತ ನಾನೂರು ಗ್ರಾಂ ಹೆಚ್ಚು ತೋರಿಸಿತು. ಬರೆಯಲು ಹೊರಟ ಸಿಸ್ಟರನ್ನು ತಡೆದು, ನಾನು ಚಂದ್ರಕ್ಕನ ಸೆರಗು ಕೊಡವಿದೆ, ಸೊಂಟದ ಸುತ್ತ ಕೈಯಾಡಿಸಿದೆ. ಅವರು ಎರಡೂ ಕೈ ಎತ್ತಿಕೊಂಡು ನಗುತ್ತಾ ನಿಂತಿದ್ದರು. ಏನೂ ಇರಲಿಲ್ಲ.